ಕಂಪ್ಯೂಟರ್ ಬದಲಿಸುವ ಮುನ್ನ ತಂತ್ರಾಂಶ ನೋಡಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲ (ಉಚಿತ ಸುರಕ್ಷತಾ ಅಪ್‌ಡೇಟ್‌ಗಳು) 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ತುಮಕೂರಿನ ಎಪಿಎಂಸಿ ಯಾರ್ಡ್‌ನ ಮಂಡಿಗಳಿಂದ ಹಿಡಿದು ಅಂತರಸನಹಳ್ಳಿ, ಹಿರೇಹಳ್ಳಿ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳವರೆಗೆ ಅನೇಕರು ಕೇಳುತ್ತಿರುವ ಪ್ರಶ್ನೆ, ಇರುವ ಕಂಪ್ಯೂಟರ್‌ಗಳನ್ನು ಬದಲಿಸಬೇಕೇ, ಬದಲಿಸುವುದಾದರೆ ಯಾವುದನ್ನು ತರಬೇಕು ಎಂಬುದು. ಇದಕ್ಕೆ ಉತ್ತರ ಹೇಳುವವರು ಬಹುಪಾಲು ಮಾರುವವರೇ ಆಗಿರುವುದರಿಂದ, ಇಂಥ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವ ನಾನು ಈ ಪತ್ರ ಬರೆಯುತ್ತಿದ್ದೇನೆ.

ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ, ಇಂಟೆಲ್ ಆದರೆ ಕೆಲವೇ ಅಪವಾದಗಳನ್ನು ಬಿಟ್ಟು ಎಂಟನೆಯ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ರೂ ಬೇಕು. ಹೀಗಾಗಿ ಏಳನೆಯ ತಲೆಮಾರಿನ ಯಂತ್ರ ಜಿಎಸ್‌ಟಿ ರಿಟರ್ನ್, ಬಿಲ್ಲಿಂಗ್ ಎಲ್ಲವನ್ನೂ ಸಲೀಸಾಗಿ ಮಾಡುತ್ತಿದ್ದರೂ ವಿಂಡೋಸ್ 11 ಹಾಕಬಹುದಾದ ಯಂತ್ರಗಳ ಪಟ್ಟಿಯಿಂದ ಹೊರಗುಳಿಯುತ್ತದೆ. ವಿಂಡೋಸ್ 10ನ್ನೇ ಉಳಿಸಿಕೊಳ್ಳುವ ಸಂಸ್ಥೆಗಳು ಹಣ ಕೊಟ್ಟು ಮೂರು ವರ್ಷಗಳವರೆಗೆ ಸುರಕ್ಷತಾ ಅಪ್‌ಡೇಟ್ ಪಡೆಯುವ ಅವಕಾಶವಿದೆ. ಆದರೆ ಪ್ರತಿ ಯಂತ್ರಕ್ಕೆ ಮೊದಲ ವರ್ಷ 61 ಡಾಲರ್ ಇರುವ ದರ ವರ್ಷವರ್ಷವೂ ಇಮ್ಮಡಿಯಾಗಿ ಒಟ್ಟು 427 ಡಾಲರ್ ಆಗುತ್ತದೆ. ಯೋಚಿಸಲು ಒಂದು ವರ್ಷದ ಬಿಡುವು ಬೇಕೆನ್ನುವವರಿಗೆ ಇದು ಸರಿ, ಮೂರು ವರ್ಷ ಕಟ್ಟುವುದು ದಂಡ.

ವಿಂಡೋಸ್, ಉಚಿತವಾಗಿ ಸಿಗುವ ಲಿನಕ್ಸ್ ಮುಂತಾದವುಗಳಲ್ಲಿ ಯಾವ ಆಪರೇಟಿಂಗ್ ಸಿಸ್ಟಂ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಉತ್ತಮ ಎಂಬ ವಾದ ನಮ್ಮ ವ್ಯಾಪಾರಿಗಳಿಗೆ ಅಷ್ಟಾಗಿ ಸಂಬಂಧಿಸಿದ್ದಲ್ಲ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರಿಂದೀಚೆಗೆ ಇರುವುದು ಲಿನಕ್ಸ್ ಮಾತ್ರ. ಅದರಿಂದ ಮಂಡಿಯವರ ಚೀಟಿ ಬೇಗ ಅಚ್ಚಾಗುವುದಿಲ್ಲ. ಇಲ್ಲಿ ಆಯ್ಕೆಯನ್ನು ನಿರ್ಧರಿಸುವುದು ಅವರು ದಿನವೂ ಬಳಸುವ ತಂತ್ರಾಂಶ ಮತ್ತು ಅದಕ್ಕೆ ಅಂಟಿಕೊಂಡ ಉಪಕರಣಗಳು. ಬೆಂಗಳೂರಿನಲ್ಲೇ ಬೆಳೆದ ಲೆಕ್ಕಪತ್ರ ತಂತ್ರಾಂಶ ಟ್ಯಾಲಿ, ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದಿಂದ ಇಂದಿನ ಟ್ಯಾಲಿಪ್ರೈಮ್‌ವರೆಗೆ ಮೈಕ್ರೋಸಾಫ್ಟ್‌ನ ವ್ಯವಸ್ಥೆಗಳ ಮೇಲೆಯೇ ನಡೆದುಬಂದಿದೆ. ಅಕ್ಕಿ ಗಿರಣಿಯಲ್ಲಿ ಲಾರಿ ತೂಗುವ ವೇಬ್ರಿಡ್ಜ್‌ನಿಂದ ತೂಕದ ಅಂಕಿ ಕಂಪ್ಯೂಟರಿಗೆ ಬರುವುದು ಹೆಚ್ಚಾಗಿ ಹಳೆಯ ಸೀರಿಯಲ್ ಪೋರ್ಟ್ ಮೂಲಕ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟೇ ಇರುವುದಿಲ್ಲ, ಯುಎಸ್‌ಬಿ ಪರಿವರ್ತಕ ಹಾಕಿದರೆ ಅದಕ್ಕೆ ಹೊಂದುವ ಡ್ರೈವರ್ (ಉಪಕರಣವನ್ನು ಕಂಪ್ಯೂಟರ್ ಗುರುತಿಸಿ ನಡೆಸಲು ಬೇಕಾದ ಪುಟ್ಟ ತಂತ್ರಾಂಶ) ಬೇಕು. ಕಾರ್ಬನ್ ಪ್ರತಿಗಾಗಿ ಇಟ್ಟುಕೊಂಡಿರುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಹಳೆಯ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್‌ಗೆ ಪ್ರೋಗ್ರಾಂ ಕಳಿಸುವ ತಂತ್ರಾಂಶ, ಕಂಪನಿಗಳು ಜಿಎಸ್‌ಟಿ ರಿಟರ್ನ್‌ಗೆ ಬಳಸಲೇಬೇಕಾದ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಇವೆಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಬ್ಯಾಟರಿ ಬಹಳ ಹೊತ್ತು ಬರುತ್ತದೆಂದು ಈಗ ತೋರಿಸುತ್ತಿರುವ, ಇಂಟೆಲ್‌ಗಿಂತ ಬೇರೆ ವಿನ್ಯಾಸದ ಎಆರ್‌ಎಂ ಪ್ರೊಸೆಸರ್‌ನ ವಿಂಡೋಸ್ ಲ್ಯಾಪ್‌ಟಾಪ್‌ಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಇಂಟೆಲ್‌ಗೆಂದು ಬರೆದ ಸಾಮಾನ್ಯ ತಂತ್ರಾಂಶ ಬಹುಮಟ್ಟಿಗೆ ಅವುಗಳಲ್ಲಿ ಅನುಕರಣೆಯಿಂದ ಓಡುತ್ತದೆಯಾದರೂ ಡ್ರೈವರ್‌ಗಳು ಹಾಗೆ ಓಡುವುದಿಲ್ಲ. ಟೋಕನ್ ಅಥವಾ ಪ್ರಿಂಟರ್ ತಯಾರಕರು ಎಆರ್‌ಎಂಗೆಂದೇ ಡ್ರೈವರ್ ಕೊಡದಿದ್ದರೆ ಆ ಉಪಕರಣ ಮೂಲೆಗೆ ಸೇರಿದಂತೆಯೇ. ಇಂಟೆಲ್ ಪ್ರೊಸೆಸರ್‌ನ ಮ್ಯಾಕ್‌ಗಳನ್ನು (ಆ್ಯಪಲ್ ಕಂಪ್ಯೂಟರ್‌ಗಳನ್ನು) ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವವರೂ ಒಂದು ತಿಳಿದಿರಲಿ: ಅವುಗಳಿಗೆ ಆ್ಯಪಲ್‌ನ ಆಪರೇಟಿಂಗ್ ಸಿಸ್ಟಂ ಮ್ಯಾಕ್‌ಓಎಸ್ 26ರ ನಂತರದ ಆವೃತ್ತಿ ಬರುವುದಿಲ್ಲ.

ಲಿನಕ್ಸ್ ಬೇಡವೆಂದು ನಾನು ಹೇಳುತ್ತಿಲ್ಲ. ಬ್ರೌಸರ್‌ನಲ್ಲೇ ಬಿಲ್ ಮಾಡುವ ಅಂಗಡಿಗೆ, ಪತ್ರ ಮತ್ತು ಪಟ್ಟಿಗಳಷ್ಟೇ ಇರುವ ಕಚೇರಿಗೆ, ಪಟ್ಟಿಯಿಂದ ಹೊರಗುಳಿದ ಯಂತ್ರಕ್ಕೆ ಒಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡಿಸ್ಕ್) ಹಾಕಿಸಿ ಲಿನಕ್ಸ್‌ನ ಒಂದು ರೂಪವಾದ ಉಬುಂಟು ಕೂರಿಸಿದರೆ ಅದು ಇನ್ನೂ ಕೆಲವು ವರ್ಷ ದುಡಿಯುತ್ತದೆ. ಕೇರಳದ ಸರ್ಕಾರಿ ಶಾಲೆಗಳು ಮುಕ್ತ ತಂತ್ರಾಂಶದಲ್ಲಿ ನಡೆಯುತ್ತಿರುವುದು ಶಿಕ್ಷಕರಿಗೆ ತರಬೇತಿ ಕೊಡುವ ಸರ್ಕಾರಿ ವ್ಯವಸ್ಥೆಯೇ ಅಲ್ಲಿರುವುದರಿಂದ. ಜರ್ಮನಿಯ ಮ್ಯೂನಿಕ್ ನಗರಾಡಳಿತವಾದರೋ ಸುಮಾರು 15,000 ಕಂಪ್ಯೂಟರ್‌ಗಳನ್ನು ಲಿನಕ್ಸ್‌ಗೆ ಬದಲಿಸಿ, 2017ರಲ್ಲಿ ವಿಂಡೋಸ್‌ಗೇ ಮರಳಲು ನಿರ್ಧರಿಸಿತು. ಹಣ ಕೊಡದೆ ಬಂದ ಸಿಸ್ಟಂ ಮಾರ್ಚ್ ತಿಂಗಳ ಕೊನೆಯಲ್ಲಿ ಮುಷ್ಕರ ಹೂಡಿದರೆ ಸರಿಪಡಿಸುವವರು ಊರಿನಲ್ಲಿ ಯಾರಿದ್ದಾರೆ ಎಂಬುದನ್ನು ವ್ಯಾಪಾರಿ ಮೊದಲೇ ವಿಚಾರಿಸಬೇಕು. ಕನ್ನಡ ಟೈಪಿಂಗ್ ತಂತ್ರಾಂಶಗಳಾದ ನುಡಿ, ಬರಹಗಳ ಹಳೆಯ ಫಾಂಟ್‌ಗಳಲ್ಲಿರುವ ಕಡತಗಳನ್ನೂ ಮೊದಲು ಎಲ್ಲ ಸಿಸ್ಟಂಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಯೂನಿಕೋಡ್‌ಗೆ ಪರಿವರ್ತಿಸಿಕೊಂಡರೆ ಯಾವ ಸಿಸ್ಟಂಗೆ ಹೋದರೂ ಅವನ್ನು ಓದಬಹುದು.

ಸಾಲ, ಸಹಾಯಧನದ ಅರ್ಜಿಗಾಗಿ ಬರುವ ಹೊಸ ಉದ್ಯಮಿಗಳು ಕಂಪ್ಯೂಟರ್‌ನ ಕೊಟೇಶನ್‌ನಲ್ಲಿ ಮಾರುವವರು ಬರೆದುಕೊಟ್ಟದ್ದನ್ನೇ ಲಗತ್ತಿಸುವುದುಂಟು. ಜಿಲ್ಲಾ ಕೈಗಾರಿಕಾ ಕೇಂದ್ರವು ತನ್ನ ಉದ್ಯಮಶೀಲತಾ ತರಬೇತಿಗಳಲ್ಲಿ ಅರ್ಧ ದಿನವನ್ನು ಈ ವಿಷಯಕ್ಕೆ ಮೀಸಲಿಟ್ಟು, ತಂತ್ರಾಂಶ ಮತ್ತು ಉಪಕರಣಗಳ ಪಟ್ಟಿಯನ್ನು ಮೊದಲು ಮಾಡಿಸಿ ಆಮೇಲೆ ಕೊಟೇಶನ್ ತರಲು ಹೇಳಬೇಕೆಂದು ಕೋರುತ್ತೇನೆ. ಸರ್ಕಾರಿ ಪೋರ್ಟಲ್‌ಗಳೂ ತಮ್ಮ ಸಹಿ ತಂತ್ರಾಂಶ ಯಾವ ಯಾವ ಸಿಸ್ಟಂ ಮತ್ತು ಪ್ರೊಸೆಸರ್‌ಗಳಲ್ಲಿ ನಡೆಯುತ್ತದೆಂಬುದನ್ನು ಮುಖಪುಟದಲ್ಲಿಯೇ ಕನ್ನಡದಲ್ಲಿ ಪ್ರಕಟಿಸಲಿ.

– ಒಬ್ಬ ತೆರಿಗೆ ಸಲಹೆಗಾರ, ತುಮಕೂರು