ರಜೆಯ ಕೋಡಿಂಗ್ ಶಿಬಿರ: ಮಳೆ ಲೆಕ್ಕದಿಂದಲೇ ಶುರುವಾಗಲಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಕೊಡಗಿನಲ್ಲೂ ಹೈಸ್ಕೂಲ್ ಮಕ್ಕಳಿಗೆ ಕಂಪ್ಯೂಟರ್ ಶಿಬಿರಗಳ ಬ್ಯಾನರ್ ಏಳುತ್ತವೆ. ಹತ್ತು ದಿನದಲ್ಲಿ ಕೃತಕ ಬುದ್ಧಿಮತ್ತೆ ಕಲಿಸುತ್ತೇವೆ ಎನ್ನುವುದು ಬರೀ ಬೊಗಳೆ. ಅಷ್ಟು ದಿನದಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆಜ್ಞೆ), ಷರತ್ತು, ಪಟ್ಟಿ ಕೈಗೆ ಹತ್ತಿದರೆ ದೊಡ್ಡದು.

ಅಭ್ಯಾಸಕ್ಕೆ ತೋಟದ ಮನೆಗಳಲ್ಲಿ ಬಿದ್ದ ಮಳೆಯನ್ನು ಬರೆದಿಡುವ ಮಳೆ ಪುಸ್ತಕವೇ ಸಾಕು. ಅದರಲ್ಲಿ ಲೆಕ್ಕ ಇಂಚು, ಸೆಂಟ್‌ನಲ್ಲಿರುತ್ತದೆ. ನೂರು ಸೆಂಟಿಗೆ ಒಂದು ಇಂಚು. ಮಕ್ಕಳು ಎಡವುವುದೂ ಇಲ್ಲೇ. ಒಂದು ಇಂಚು ಐದು ಸೆಂಟನ್ನು 1.5 ಎಂದು ಟೈಪ್ ಮಾಡುತ್ತಾರೆ, ಆಗಬೇಕಾದದ್ದು 1.05. ಇಂಚನ್ನು ಮಿಲಿಮೀಟರ್‌ಗೆ ಬದಲಿಸಲು 25.4ರಿಂದ ಗುಣಿಸಿದಾಗ 26.67 ಮಿಲಿಮೀಟರ್ ಬರಬೇಕಾದ ಕಡೆ 38.1 ಬರುತ್ತದೆ. ಕಂಪ್ಯೂಟರ್ ದೋಷ ತೋರಿಸುವುದಿಲ್ಲ, ತಪ್ಪು ಉತ್ತರವನ್ನೇ ಠೀವಿಯಿಂದ ಕೊಡುತ್ತದೆ! ಇಂಚು, ಸೆಂಟ್ ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ತುಂಬಿಸಿ, ಸೆಂಟನ್ನು ನೂರರಿಂದ ಭಾಗಿಸಿ ಕೂಡಿಸುವುದು ಸರಿಯಾದ ದಾರಿ.

ಕನ್ನಡದ ಹೆಸರುಗಳಲ್ಲೂ ಒಂದು ಮೋಜಿದೆ. ‘ಕುಶಾಲನಗರ’ದ ಉದ್ದ ಕೇಳಿದರೆ ಪೈಥಾನ್ 8 ಎನ್ನುತ್ತದೆ, ಕಣ್ಣಿಗೆ ಕಾಣುವುದು ಆರೇ ಅಕ್ಷರ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕೊಂಬು, ದೀರ್ಘಗಳಿಗೂ ಪ್ರತ್ಯೇಕ ಸಂಕೇತ ಇರುವುದೇ ಕಾರಣ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಟೈಪಿಸಿದ ಕಡತವನ್ನಂತೂ ಮೊದಲು ಯೂನಿಕೋಡ್‌ಗೆ ಬದಲಿಸಲೇಬೇಕು.

ಏಪ್ರಿಲ್–ಮೇ ಎಂದರೆ ಸಂಜೆ ಗುಡುಗು, ಕರೆಂಟ್ ಹೋಗುವ ಕಾಲ. ಪಾಠ ಬೆಳಿಗ್ಗೆಯೇ ಮುಗಿಯಲಿ. ನೆಟ್‌ವರ್ಕ್ ನಂಬದೆ ಪೈಥಾನ್ ಬರೆದು ಓಡಿಸುವ ಥಾನಿ (Thonny) ತಂತ್ರಾಂಶವನ್ನು ಮೊದಲೇ ಪೆನ್‌ಡ್ರೈವ್‌ನಲ್ಲಿ ತಂದಿಟ್ಟುಕೊಳ್ಳಲಿ. ಪೈಥಾನ್ ಅದರೊಳಗೇ ಬರುತ್ತದೆ. ಒಂದು ಯಂತ್ರಕ್ಕೆ ಇಬ್ಬರೇ ಮಕ್ಕಳು, ಅರ್ಧ ಗಂಟೆಗೊಮ್ಮೆ ಕೀಲಿಮಣೆ ಕೈ ಬದಲಾಗಲಿ.

– ಗಣಕ ಶಿಕ್ಷಕರು, ಸೋಮವಾರಪೇಟೆ