‘ಅಮೂಲ್ಯ’ ಬೇಡ, ಬೇರೆ ಪದ ಹುಡುಕು

ಪ್ರೀತಿಯ ತಮ್ಮಾ,

ಅಮೆರಿಕದ ಚರ್ಚ್ ಹಾಡುಗಳ ಸಂಗೀತಗಾರ ಥಾಮಸ್ ಡಾರ್ಸಿ ಬಗ್ಗೆ ನೀನು ಬರೆದ ಲೇಖನವನ್ನು ಎರಡು ಸಲ ಓದಿದೆ. ಮೊದಲು ಒಂದು ಅವಸರದ ಮಾತು. ಜೊತೆಗೆ ಕಳಿಸಿರುವ ಫೋಟೊ ಅವರದ್ದಲ್ಲ. ಟ್ರಾಂಬೋನ್ ಹಿಡಿದಿರುವ ಆ ಬಿಳಿಯ ಟಾಮಿ ಡಾರ್ಸಿ, ಡ್ಯಾನ್ಸ್ ಬ್ಯಾಂಡ್ ನಡೆಸುತ್ತಿದ್ದವರು. ನಿನ್ನ ಡಾರ್ಸಿ ಕರಿಯ ಜನಾಂಗದವರು, ಪಿಯಾನೊ ನುಡಿಸುತ್ತಿದ್ದವರು, 1899ರಲ್ಲಿ ಜಾರ್ಜಿಯಾದ ವಿಲ್ಲಾ ರಿಕಾದಲ್ಲಿ ಹುಟ್ಟಿದವರು. ಅವರು ಕಟ್ಟಿದ ‘ಪ್ರೆಷಸ್ ಲಾರ್ಡ್’ ಹಾಡಿನ ಕಥೆ ಫಾರ್ವರ್ಡ್ ಆಗುತ್ತಾ ಆಗುತ್ತಾ ಇಬ್ಬರನ್ನೂ ಒಬ್ಬರನ್ನಾಗಿ ಮಾಡಿಬಿಟ್ಟಿದೆ. ಎಷ್ಟೋ ಜನ ಎಡವಿದ ಕಲ್ಲು ಅದು, ಬೇಜಾರು ಮಾಡಿಕೊಳ್ಳಬೇಡ.

ಇನ್ನು ಬರಹ. ‘ಬಾಲ್ಯದಿಂದಲೇ ದೇವರ ಸೇವೆಗೆ ಮುಡಿಪಾದ ಸಂಗೀತಗಾರ’ ಅಂತ ಶುರು ಮಾಡಿದ್ದೀಯ. ಹಾಗೇನೂ ಇರಲಿಲ್ಲ ಮಾರಾಯ. ಅಪ್ಪ ಕ್ರೈಸ್ತ ಧರ್ಮಬೋಧಕರು, ಅಮ್ಮ ಆರ್ಗನ್ ನುಡಿಸುತ್ತಿದ್ದರು, ಅದು ನಿಜ. ಆದರೆ ಹುಡುಗ ದೊಡ್ಡವನಾಗಿ ಸೇರಿದ್ದು ಬ್ಲೂಸ್ ಲೋಕಕ್ಕೆ, ಅಂದರೆ ಕರಿಯರ ಲೌಕಿಕ ಹಾಡುಗಳ ಲೋಕಕ್ಕೆ. ಗಾಯಕಿ ಮಾ ರೇನಿಗೆ ಪಿಯಾನೊ ನುಡಿಸಿದರು. ನಡುವೆ ಮನಸ್ಸು ಕುಸಿದು ಬಹಳ ದಿನ ಕೆಲಸ ಬಿಟ್ಟು ಕೂತರು. 1928ರಲ್ಲಿ ‘ಜಾರ್ಜಿಯಾ ಟಾಮ್’ ಅನ್ನೋ ಹೆಸರಲ್ಲಿ, ಗಿಟಾರ್ ವಾದಕ ಟಾಂಪಾ ರೆಡ್ ಜೊತೆ ಸೇರಿ ಒಂದು ಪೋಲಿ ಹಾಡು ಮಾಡಿದರು. ಅದು ಭರ್ಜರಿಯಾಗಿ ಓಡಿತು. ಇದೆಲ್ಲ ನಿನಗೆ ಗೊತ್ತು, ಸುಮ್ನೆ ಮುಚ್ಚಿಟ್ಟಿದ್ದೀಯ.

ಅದನ್ನು ತೆಗೆದರೆ ಅವರ ಗಾಸ್ಪೆಲ್, ಅಂದರೆ ಅವರ ಚರ್ಚಿನ ಭಕ್ತಿಗೀತೆ, ಅರ್ಥವೇ ಆಗುವುದಿಲ್ಲ. ಆ ಹಾಡುಗಳ ತೂಗಾಟ, ಸ್ವರವನ್ನು ಬಾಗಿಸುವ ರೀತಿ, ಎಲ್ಲ ಬ್ಲೂಸ್‌ನಿಂದ ಬಂದದ್ದೇ. ಅದಕ್ಕೇ ಶಿಕಾಗೋದ ಎಷ್ಟೋ ದೊಡ್ಡ ಚರ್ಚುಗಳು ಮೊದಮೊದಲು ಅವರಿಗೆ ಬಾಗಿಲು ತೋರಿಸಿದ್ದು. ಹಾಡಿನ ಹಾಳೆ ಹಿಡಿದು ಚರ್ಚಿಂದ ಚರ್ಚಿಗೆ ಅಲೆದು, ಹತ್ತು ಸೆಂಟಿಗೊಂದರಂತೆ ಮಾರುತ್ತಿದ್ದರು. ಆಗಿನ್ನೂ ಹೆಸರಿಲ್ಲದ ಮಹಾಲಿಯಾ ಜಾಕ್ಸನ್ ಪಕ್ಕದಲ್ಲಿ ನಿಂತು ಹಾಡಿ ತೋರಿಸುತ್ತಿದ್ದರು. ನನಗೆ ತುಂಬಾ ಬೇಕಿದ್ದದ್ದು ಇದು. ನಿನ್ನಲ್ಲಿ ಒಂದು ಸಾಲೂ ಇಲ್ಲ.

ನಾನೂ ಇದೇ ತಪ್ಪು ಮಾಡಿದವಳು. ಬರೆಯೋಕೆ ಶುರು ಮಾಡಿದ ಹೊಸದರಲ್ಲಿ ಚರ್ಚಿನ ಹಾಡುಗಾರರ ತಂಡ ನಡೆಸುತ್ತಿದ್ದ ಒಬ್ಬ ಕ್ವಾಯರ್ ಮಾಸ್ಟರ್ ತೀರಿಕೊಂಡಾಗ ಅವರ ಬಗ್ಗೆ ಬರೆದೆ. ದೈವಭಕ್ತ, ಸರಳಜೀವಿ, ಎಲ್ಲ ಇತ್ತು. ಅವರ ಮಗಳು ಓದಿ, ‘ಅಪ್ಪನ ಎಲೆ ಅಡಿಕೆ ಎಲ್ಲಿ ಹೋಯ್ತು?’ ಅಂದರು. ಬಾಯಿ ತುಂಬಿದ ರಸ ಉಗಿಯೋಕೆ ಅವರು ಹೊರಗೆ ಹೋದರೆಂದರೆ ಸಾಕು, ಇನ್ನು ಅಭ್ಯಾಸ ಶುರು ಅಂತ ಹಾಡೋರೆಲ್ಲ ನೆಟ್ಟಗೆ ನಿಲ್ಲುತ್ತಿದ್ದರಂತೆ. ಅದು ಈಗಲೂ ಚುಚ್ಚುತ್ತದೆ.

1932ರ ಆಗಸ್ಟ್ ನಿನ್ನ ಲೇಖನದ ಜೀವ. ಅಲ್ಲೇ ಜಾಸ್ತಿ ಮಾತಾಡಿಬಿಟ್ಟಿದ್ದೀಯ. ‘ಸಿಡಿಲು ಬಡಿದಂತೆ’, ‘ಕಣ್ಣೀರ ಕಡಲು’, ಇವೆಲ್ಲ ಯಾಕೆ? ನಡೆದದ್ದನ್ನು ಹೇಳು, ಸಾಕು. ತುಂಬು ಬಸುರಿ ಹೆಂಡತಿ ನೆಟ್ಟಿಯನ್ನು ಶಿಕಾಗೋದಲ್ಲಿ ಬಿಟ್ಟು ಸೇಂಟ್ ಲೂಯಿಸ್‌ಗೆ ಹಾಡಲು ಹೊರಟರು. ದಾರಿಯಲ್ಲಿ ಸಂಗೀತದ ಚೀಲ ಮರೆತದ್ದು ನೆನಪಾಗಿ ವಾಪಸು ಬಂದರು. ಆಕೆ ನಿದ್ದೆಯಲ್ಲಿದ್ದರು. ಎಬ್ಬಿಸದೆ ಹೋದರು. ಅಲ್ಲಿ ಸಭೆ ನಡೆಯುತ್ತಿರುವಾಗಲೇ ತಂತಿ ಬಂತು. ಹೆಂಡತಿ ಹೋದರು, ಮಗುವೂ ಉಳಿಯಲಿಲ್ಲ. ಇಬ್ಬರನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡಿದರು. ಆ ಚೀಲದ ಸಂಗತಿ ಡಾರ್ಸಿಯವರೇ ಹೇಳಿಕೊಂಡದ್ದು. ನೀನು ಬಿಟ್ಟದ್ದು ಅದನ್ನೇ!

ಆಮೇಲೆ ‘ಅವರ ನಂಬಿಕೆ ಅಲುಗಲಿಲ್ಲ’ ಅಂತ ಬರೆದಿದ್ದೀಯ. ಅಲುಗಿತು. ದೇವರು ಅನ್ಯಾಯ ಮಾಡಿದ, ಮತ್ತೆ ಹಳೇ ಸಂಗೀತಕ್ಕೇ ಹೋಗಿಬಿಡೋಣ ಅನ್ನಿಸಿತ್ತು ಅಂತ ಅವರೇ ಒಪ್ಪಿಕೊಂಡಿದ್ದಾರೆ. ಹಾಗಿದ್ದವರು ಒಂದು ದಿನ ಪಿಯಾನೊ ಮುಂದೆ ಕೂತಾಗ ಹಳೆಯ ಕೀರ್ತನೆಯೊಂದರ ರಾಗ ಕೈಗೆ ಬಂತು, ಅದರ ಮೇಲೆ ಮಾತು ಹುಟ್ಟಿತು. ಗೆಳೆಯ ಥಿಯೋಡರ್ ಫ್ರೈಗೆ ಹಾಡಿ ತೋರಿಸಿದಾಗ ‘ಬ್ಲೆಸೆಡ್ ಲಾರ್ಡ್’ ಅಂತ ಇತ್ತಂತೆ. ಅದು ಬೇಡ, ‘ಪ್ರೆಷಸ್’ ಅನ್ನು ಅಂದರಂತೆ ಫ್ರೈ. ಮೊದಲನೆಯದು ದೂರ ನಿಂತು ಕೈಮುಗಿಯೋ ಮಾತು. ಎರಡನೆಯದು ಎದೆಗೆ ಅವಚಿಕೊಳ್ಳೋ ಮಾತು, ಅಲ್ವಾ? ಆ ‘ಪ್ರೆಷಸ್’ಗೆ ನೀನು ಕನ್ನಡದಲ್ಲಿ ‘ಅಮೂಲ್ಯ’ ಅಂತ ಹಾಕಿದ್ದೀಯ. ಅದು ಒಡವೆ ಅಂಗಡಿ ಬೋರ್ಡಿನ ಪದ. ‘ನನ್ನ ಜೀವದ ಒಡೆಯ’ ಅಂದರೆ ಹೇಗೆ?

‘ಅಮೆರಿಕದ ಪುರಂದರದಾಸ’ ಅನ್ನೋದನ್ನು ಹೊಡೆದುಹಾಕು. ಅವರಿಗೂ ಬೇಡ, ದಾಸರಿಗೂ ಬೇಡ.

ಪ್ರಭಾವ ಅಪಾರ ಅಂತ ಬರೆಯುವ ಬದಲು 1968ರ ಏಪ್ರಿಲ್ 4ರ ಸಂಜೆಯನ್ನು ಬರೆ. ಮೆಂಫಿಸ್‌ನ ಲೊರೇನ್ ಮೋಟೆಲ್ ಬಾಲ್ಕನಿಯಲ್ಲಿ ನಿಂತ ಮಾರ್ಟಿನ್ ಲೂಥರ್ ಕಿಂಗ್, ಕೆಳಗಿದ್ದ ವಾದಕ ಬೆನ್ ಬ್ರಾಂಚ್‌ಗೆ, ಇವತ್ತು ರಾತ್ರಿ ‘ಪ್ರೆಷಸ್ ಲಾರ್ಡ್’ ಹಾಡನ್ನು ಚೆನ್ನಾಗಿ ನುಡಿಸು ಅಂದರು. ಆ ಮಾತಿನ ಹಿಂದೆಯೇ ಗುಂಡು ಬಂತು. ಅವರ ಅಂತ್ಯಕ್ರಿಯೆಯಲ್ಲಿ ಅದನ್ನು ಹಾಡಿದ್ದು ಮಹಾಲಿಯಾ, ಹತ್ತು ಸೆಂಟಿನ ಹಾಳೆ ಖರ್ಚಾಗಲಿ ಅಂತ ಹಾಡುತ್ತಿದ್ದ ಅದೇ ಹುಡುಗಿ.

ಕೊನೆಯದಾಗಿ, ಹಾಡು ಹುಟ್ಟಿದ ಕೂಡಲೇ ನಿನ್ನ ಲೇಖನ ಮುಗಿದುಹೋಗುತ್ತದೆ. ಡಾರ್ಸಿ ತೀರಿಕೊಂಡದ್ದು 1993ರಲ್ಲಿ, 93ನೇ ವಯಸ್ಸಿನಲ್ಲಿ. ನಡುವಿನ 60 ವರ್ಷ? ಮತ್ತೆ ಮದುವೆಯಾದರು. ಗಾಸ್ಪೆಲ್ ಕ್ವಾಯರ್‌ಗಳನ್ನು ಸೇರಿಸಿ ಸಂಘ ಕಟ್ಟಿದರು. ಪಿಲ್ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ದಶಕಗಟ್ಟಲೆ ಕ್ವಾಯರ್ ನಡೆಸಿದರು. ಕ್ವಾಯರ್ ಅಂದರೆ ಗೊತ್ತಲ್ಲ, ತಡವಾಗಿ ಬರೋರು, ಶ್ರುತಿ ಬಿಡೋರು, ಮುನಿಸಿಕೊಳ್ಳೋರು. ಅವರ ನಂಬಿಕೆಯನ್ನು ನಾನಾದರೆ ಅಲ್ಲಿ ಹುಡುಕುತ್ತೇನೆ.

ಮುಂದಿನ ವಾರದೊಳಗೆ ತಿದ್ದಿ ಕಳಿಸು. ‘ಅಮೂಲ್ಯ’ಕ್ಕೆ ಬೇರೆ ಪದ ಸಿಕ್ಕರೆ ಫೋನ್ ಮಾಡು. ನಾನು ಹೇಳಿದ್ದು ನನಗೇ ಪೂರ್ತಿ ಒಪ್ಪಿಗೆಯಾಗಿಲ್ಲ.

ನಿನ್ನ,
ಅಕ್ಕ