ಜನಮತ ಸರಿ, ಆದರೆ ಒಂದೇ ಸಲ ಕೇಳಿದರೆ ಸಾಲದು

ಮಾನ್ಯ ಸಂಪಾದಕರೇ,

ಸಂವಿಧಾನ ತಿದ್ದುವ ಮೊದಲು ಜನರ ಮತ ಕೇಳಬೇಕು, ಅಮೆರಿಕದ ರಾಜ್ಯಗಳಲ್ಲಿ ಹಾಗೇ ಮಾಡುತ್ತಾರೆ ಅಂತ ನಿಮ್ಮ ಓದುಗರೊಬ್ಬರು ಬರೆದಿದ್ದಾರೆ. ನಾನು ಕ್ಯಾಲಿಫೋರ್ನಿಯಾದಲ್ಲಿ ಮತ ಹಾಕುವ ಕನ್ನಡಿಗ. ಅವರ ಮಾತನ್ನು ಅರ್ಧ ಒಪ್ಪುತ್ತೇನೆ.

ಮೊದಲು ಒಪ್ಪುವ ಅರ್ಧ. ಇಲ್ಲಿ ಚುನಾವಣೆಗೆ ಮುಂಚೆ ಸರ್ಕಾರವೇ ಮತದಾರರ ಮನೆಗೆ ಒಂದು ಪುಸ್ತಕ ಕಳಿಸುತ್ತದೆ. ತಿದ್ದುಪಡಿಯ ಪೂರ್ತಿ ಪಠ್ಯ ಅದರಲ್ಲಿರುತ್ತದೆ. ತೆಗೆಯುವ ಪದಗಳ ಮೇಲೆ ಗೆರೆ ಎಳೆದಿರುತ್ತಾರೆ, ಸೇರಿಸುವ ಪದಗಳು ಓರೆ ಅಕ್ಷರದಲ್ಲಿ. ಪರವಾದ ವಾದ, ವಿರೋಧದ ವಾದ, ಖಜಾನೆ ಮೇಲೆ ಎಷ್ಟು ಹೊರೆ ಎಂಬ ಲೆಕ್ಕ, ಎಲ್ಲವೂ ಇರುತ್ತದೆ. ಹಿಂದಿಯಲ್ಲೂ ಸಿಗುತ್ತದೆ. ಕನ್ನಡದಲ್ಲಿ ಇಲ್ಲ, ಅದು ಬೇರೆ ಜಗಳ.

ಇನ್ನು ಒಪ್ಪದ ಅರ್ಧ. ಅಮೆರಿಕದ 50 ರಾಜ್ಯಗಳಿಗೂ ಸ್ವಂತ ಸಂವಿಧಾನ ಇದೆ. ದೇಶದ ಸಂವಿಧಾನಕ್ಕೆ ಇದುವರೆಗೆ ಆಗಿರುವುದು 27 ತಿದ್ದುಪಡಿ. ಕ್ಯಾಲಿಫೋರ್ನಿಯಾದ 1879ರ ಸಂವಿಧಾನಕ್ಕೆ 500ಕ್ಕೂ ಜಾಸ್ತಿ! ಅಷ್ಟು ಸುಲಭ. ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಶಾಸಕರು ಒಪ್ಪಿದರೆ ತಿದ್ದುಪಡಿ ಮತದಾರರ ಮುಂದೆ ಬರುತ್ತದೆ. ಗವರ್ನರ್ (ಇಲ್ಲಿ ಜನರೇ ಆರಿಸುವ ರಾಜ್ಯದ ಮುಖ್ಯಸ್ಥ) ಸಹಿ ಬೇಕಿಲ್ಲ. ಶಾಸಕರು ಒಲ್ಲೆ ಅಂದರೂ 1911ರಿಂದ ಇನ್ನೊಂದು ದಾರಿ ಇದೆ. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇ 8ರಷ್ಟು ಸಹಿಗಳನ್ನು 180 ದಿನಗಳೊಳಗೆ ತಂದರೆ ಆಯಿತು. 2022ರ ಲೆಕ್ಕದಲ್ಲಿ ಅದು 8,74,641 ಸಹಿ. ಆಮೇಲೆ ಗೆಲ್ಲಲು ಅರ್ಧಕ್ಕಿಂತ ಒಂದು ಮತ ಹೆಚ್ಚಿಗೆ ಬಂದರೆ ಸಾಕು.

ಎಂಟೂಮುಕ್ಕಾಲು ಲಕ್ಷ ಸಹಿ ಸುಮ್ನೆ ಬರುವುದಿಲ್ಲ ಅಲ್ವಾ? ಅಂಗಡಿ ಬಾಗಿಲಲ್ಲಿ ಕ್ಲಿಪ್‌ಬೋರ್ಡ್ ಹಿಡಿದು ನಿಲ್ಲುವವರಲ್ಲಿ ಅನೇಕರಿಗೆ ಒಂದು ಸಹಿಗೆ ಇಷ್ಟು ಅಂತ ದುಡ್ಡು ಕೊಡುತ್ತಾರೆ. ಕಾನೂನೇ ಒಪ್ಪುವ ವ್ಯಾಪಾರ ಅದು.

ಇದರಿಂದ ಏನಾಗಿದೆ ನೋಡಿ. ಮನೆ ಬಾಡಿಗೆ, ಮಾರಾಟದಲ್ಲಿ ಜನಾಂಗ ನೋಡಿ ಭೇದ ಮಾಡಬಾರದು ಎಂದು 1963ರಲ್ಲಿ ಶಾಸಕರು ಕಾನೂನು ಮಾಡಿದರು. ರಿಯಲ್ ಎಸ್ಟೇಟ್ ಸಂಘದವರು ಸಹಿ ಸಂಗ್ರಹಿಸಿ, ಆ ಕಾನೂನನ್ನು ಮಲಗಿಸುವ ತಿದ್ದುಪಡಿಯನ್ನು 1964ರಲ್ಲಿ ಮತಕ್ಕೆ ಹಾಕಿಸಿದರು. ಶೇ 65ರಷ್ಟು ಮತದಾರರು ಹೂಂ ಅಂದರು. ಬಣ್ಣ ನೋಡಿ ಮನೆ ಕೊಡದೆ ಕಳಿಸುವ ಮಾಲೀಕನ ಬೆನ್ನಿಗೆ ಸಂವಿಧಾನವೇ ನಿಂತಿತು. ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. 1967ರಲ್ಲಿ ದೇಶದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿದದ್ದು 5-4ರಲ್ಲಿ. ಬರೀ ಒಬ್ಬ ನ್ಯಾಯಮೂರ್ತಿಯ ಅಂತರ!

1978ರಲ್ಲಿ ಸಹಿ ಸಂಗ್ರಹದಿಂದಲೇ ಬಂದ 13ನೇ ಪ್ರಸ್ತಾಪ ಎಂಬ ತಿದ್ದುಪಡಿ ಇನ್ನೂ ಜಾಣತನದ್ದು. ಆಸ್ತಿ ತೆರಿಗೆ ಮನೆಯ ದಾಖಲೆ ಬೆಲೆಯ ಶೇ 1 ದಾಟಬಾರದು, ಆ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರಬಾರದು, ಮನೆ ಕೈ ಬದಲಾದಾಗ ಅಥವಾ ಹೊಸದಾಗಿ ಕಟ್ಟಿದಾಗ ಮಾತ್ರ ಹೊಸ ಬೆಲೆ ಹಿಡಿಯಬೇಕು. ಹಾಗಾಗಿ ಅಕ್ಕಪಕ್ಕದ ಒಂದೇ ಥರದ ಎರಡು ಮನೆಗಳಲ್ಲಿ, ಮೊನ್ನೆ ಕೊಂಡವರು ಹಳಬರಿಗಿಂತ ಎಷ್ಟೋ ಪಟ್ಟು ತೆರಿಗೆ ಕಟ್ಟುತ್ತಾರೆ. ಇಲ್ಲಿ ಹೊಸದಾಗಿ ಮನೆ ಮಾಡಿದ ಯಾವ ಕನ್ನಡಿಗರನ್ನು ಬೇಕಾದರೂ ಕೇಳಿ, ಕಾಫಿ ಆರುವ ತನಕ ಹೇಳುತ್ತಾರೆ. ಸರಳ ಬಹುಮತ ಸಾಕಾಗಿದ್ದ ಇದೇ ತಿದ್ದುಪಡಿ, ಮುಂದೆ ರಾಜ್ಯದ ತೆರಿಗೆ ಏರಿಸಲು ಶಾಸಕಾಂಗದಲ್ಲಿ ಮೂರನೇ ಎರಡು ಮತ ಬೇಕು ಎಂದಿತು. ತಾವು ದಾಟಿದ ಮೇಲೆ ಬೇಲಿ ಎತ್ತರಿಸಿದರು. ಅಜ್ಜ ಅಜ್ಜಿಯರು ತೆರಿಗೆ ಕಟ್ಟಲಾಗದೆ ಮನೆ ಕಳೆದುಕೊಳ್ಳುವ ಭಯ ಆಗ ನಿಜವಾಗಿಯೂ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆ ಒಂದು ಕಾನೂನು ಸಾಕಿತ್ತು.

ಕೋರ್ಟುಗಳು ಒಂದು ಮಿತಿ ಇಟ್ಟಿವೆ. ಸಹಿ ಸಂಗ್ರಹದಿಂದ ತಿದ್ದುಪಡಿ ಮಾಡಬಹುದು, ಸಂವಿಧಾನದ ಮೂಲ ಸ್ವರೂಪ ಬದಲಿಸುವ ಹಾಗಿಲ್ಲ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ ಮೊಕದ್ದಮೆಯಲ್ಲಿ 1973ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದೂ ಹೆಚ್ಚು ಕಡಿಮೆ ಇಂಥದ್ದೇ. ಆದರೆ ಕ್ಯಾಲಿಫೋರ್ನಿಯಾದ ಮಿತಿ ತುಂಬಾ ಸಡಿಲ. 2008ರಲ್ಲಿ ಶೇ 52 ಮತದಿಂದ ಸೇರಿದ ಸಲಿಂಗ ಮದುವೆ ನಿಷೇಧವನ್ನು ರಾಜ್ಯದ ಕೋರ್ಟ್ ಬರೀ ತಿದ್ದುಪಡಿ ಅಂತ ಬಿಟ್ಟುಬಿಟ್ಟಿತು. ಮುಂದೆ ಫೆಡರಲ್ ಕೋರ್ಟಿನಲ್ಲಿ ಅದು ಬಿದ್ದರೂ, ಆ ಸಾಲನ್ನು ಸಂವಿಧಾನದಿಂದ ಅಳಿಸಲು 2024ರಲ್ಲಿ ಮತ್ತೆ ಜನಮತವೇ ಬೇಕಾಯಿತು.

ಪಕ್ಕದ ನೆವಾಡಾ ನನಗೆ ಹೆಚ್ಚು ಇಷ್ಟ. ಅಲ್ಲಿ ಸಹಿ ಸಂಗ್ರಹದಿಂದ ಬಂದ ತಿದ್ದುಪಡಿ ಎರಡು ವರ್ಷದ ಅಂತರದಲ್ಲಿ ಎರಡು ಚುನಾವಣೆ ಗೆಲ್ಲಬೇಕು. ಮತದಾನದ ವಿಧಾನವನ್ನೇ ಬದಲಿಸುವ ಒಂದು ತಿದ್ದುಪಡಿ 2022ರಲ್ಲಿ ಗೆದ್ದು 2024ರಲ್ಲಿ ಸೋತಿತು. ಜನ ಯೋಚಿಸಿ ಮನಸ್ಸು ಬದಲಿಸಿದರು, ಯಾರಿಗೂ ನಷ್ಟವಾಗಲಿಲ್ಲ. ಫ್ಲಾರಿಡಾದಲ್ಲಿ ಶೇ 60 ಬೇಕು. 2024ರಲ್ಲಿ ಗರ್ಭಪಾತದ ಹಕ್ಕಿನ ತಿದ್ದುಪಡಿ ಶೇ 57 ಪಡೆದೂ ಬಿತ್ತು. ನನಗೆ ಬೇಸರವಾಯಿತು. ಆದರೂ ನಿಯಮ ತಪ್ಪು ಅನ್ನಲಾರೆ.

ನಮ್ಮಲ್ಲಿ ರಾಜ್ಯಗಳಿಗೆ ಸ್ವಂತ ಸಂವಿಧಾನ ಇಲ್ಲ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ 371ಜೆ ವಿಧಿ ಬೇಕಾದಾಗಲೂ ಸಂಸತ್ತೇ 98ನೇ ತಿದ್ದುಪಡಿ ಮಾಡಬೇಕಾಯಿತು. ಸಂವಿಧಾನ ತಿದ್ದುವ ಕ್ರಮ ಹೇಳುವ 368ನೇ ವಿಧಿಗೆ ಜನಮತ ಸೇರಿಸಬೇಕು ಅನ್ನುವವರು ನೆವಾಡಾದ ಎರಡು ಸಲದ ನಿಯಮವನ್ನೂ ಜೊತೆಗೇ ಕೇಳಲಿ. ಅಲ್ಲಿಯವರೆಗೆ, ಮುಂದಿನ ತಿದ್ದುಪಡಿ ಮಸೂದೆ ಸಂಸತ್ತಿಗೆ ಬಂದಾಗ ಗೆರೆ ಎಳೆದ ಪದ, ಓರೆ ಅಕ್ಷರ, ಎರಡೂ ಕಡೆಯ ವಾದ ಇರುವ ಒಂದು ಕನ್ನಡ ಪುಸ್ತಕವನ್ನಾದರೂ ಸರ್ಕಾರ ಮನೆಮನೆಗೆ ಕಳಿಸಲಿ. ಅದಕ್ಕೆ ಸಂವಿಧಾನ ತಿದ್ದಬೇಕಿಲ್ಲ.

— ಒಬ್ಬ ಓದುಗ, ಸನ್ನಿವೇಲ್, ಕ್ಯಾಲಿಫೋರ್ನಿಯಾ